ಕ್ಯಾಥ್‌ಲ್ಯಾಬ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ಪ್ರೆಶರ್ ಗೆರೆ ನೋಡಿ

ಕಲಬುರಗಿಯಲ್ಲಿ ಈಗ 371 ಹಾಸಿಗೆಗಳ ಜಯದೇವ ಆಸ್ಪತ್ರೆಯೇ ಇದೆ. ನಮ್ಮ ಸೇಡಂ, ಆಳಂದ, ಅಫಜಲಪುರದ ಹುಡುಗ ಹುಡುಗಿಯರೂ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದುತ್ತಿದ್ದಾರೆ. ಹೃದಯಕ್ಕೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ ಪರೀಕ್ಷಿಸುವ ಕ್ಯಾಥ್‌ಲ್ಯಾಬ್ ಒಳಗೆ ಬಂದ ಕೂಡಲೇ ಹೊಸಬರೆಲ್ಲ ಎಕ್ಸ್-ರೇ ಚಿತ್ರವನ್ನೇ ನೋಡುತ್ತಾ ನಿಲ್ಲುತ್ತಾರೆ. ಚಿತ್ರ ನೋಡೋಕೆ ಡಾಕ್ಟರ್ ಇದ್ದಾರೆ. ನಿಮ್ಮ ಕಣ್ಣು ಕ್ಯಾಥೆಟರ್ ತುದಿಯ ರಕ್ತದೊತ್ತಡ ತೋರಿಸುವ ಪ್ರೆಶರ್ ಗೆರೆ ಮತ್ತು ಇಸಿಜಿ ಮೇಲಿರಲಿ.

ಮೊದಲು ಜೀರೋ ಮಾಡುವುದು, ಅಂದರೆ ಹೊರಗಿನ ಗಾಳಿಯ ಒತ್ತಡವನ್ನು ಸೊನ್ನೆ ಎಂದು ಹೊಂದಿಸುವುದು. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ರೋಗಿಯ ಕಂಕುಳ ನಡುಗೆರೆಯ ಮಟ್ಟಕ್ಕೆ ಇರಬೇಕು. ಅದು ಸ್ಟ್ಯಾಂಡ್ ಮೇಲಿದ್ದರೆ, ಟೇಬಲ್ ಏರಿಸಿ ಇಳಿಸಿದಾಗಲೆಲ್ಲ ಮಟ್ಟ ಮತ್ತೆ ನೋಡಿ. 10 ಸೆಂ.ಮೀ. ಕೆಳಗಿದ್ದರೆ ಪ್ರೆಶರ್ ಸುಮಾರು 7 ಎಂಎಂ ಎಚ್‌ಜಿ ಜಾಸ್ತಿ ತೋರಿಸುತ್ತದೆ. 120ರಲ್ಲಿ 7 ದೊಡ್ಡದಲ್ಲ ಅನಿಸಬಹುದು. ಆದರೆ ಎಲ್‌ವಿಇಡಿಪಿ (ಎಡ ಹೃತ್ಕುಕ್ಷಿ ರಕ್ತ ತುಂಬಿಕೊಂಡಾಗ ಅದರೊಳಗಿನ ಒತ್ತಡ) ಸಾಮಾನ್ಯವಾಗಿ 12ರ ಒಳಗಿರುತ್ತದೆ. ಅದಕ್ಕೆ 7 ಸೇರಿದರೆ ಆರೋಗ್ಯವಾದ ಹೃದಯವೂ ಸೋತಂತೆ ಕಾಣುತ್ತದೆ.

ಆಮೇಲೆ ಗಾಳಿಗುಳ್ಳೆ. ಸಲೈನ್ ಹರಿಸಿ ಟ್ಯೂಬನ್ನು ಬೆರಳಿನಿಂದ ತಟ್ಟಿ. ಟ್ಯೂಬುಗಳು ಸೇರುವ ಮ್ಯಾನಿಫೋಲ್ಡ್‌ನ ಸ್ಟಾಪ್‌ಕಾಕ್ (ತಿರುಗಿಸುವ ನಲ್ಲಿ) ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಗುಳ್ಳೆ ಅಲ್ಲೇ ಅಂಟಿಕೊಂಡಿರುತ್ತದೆ. ಅದು ಹೃದಯದ ರಕ್ತನಾಳಕ್ಕೆ ಹೋದರೆ ಬಿಪಿ ಬೀಳಬಹುದು, ಇಸಿಜಿಯಲ್ಲಿ ಎಸ್‌ಟಿ ಭಾಗ ಏರಬಹುದು.

ಕ್ಯಾಥೆಟರ್ ಹೃದಯದ ಎಡ ಮುಖ್ಯ ರಕ್ತನಾಳದ ಬಾಯಿಗೆ ಕೂತ ಕ್ಷಣ ಗೆರೆ ಬಿಟ್ಟು ಕಣ್ಣು ಅಲುಗಿಸಬೇಡಿ. ಗೆರೆ ಚಪ್ಪಟೆಯಾಯಿತಾ, ಡಯಾಸ್ಟೋಲಿಕ್ ಸರ್ರನೆ ಕೆಳಗಿಳಿಯಿತಾ? ಆ ನಾಳ ಬಾಯಲ್ಲೇ ಕಟ್ಟಿರಬಹುದು. ಆಗ ಡೈ (ಎಕ್ಸ್-ರೇಯಲ್ಲಿ ನಾಳ ಕಾಣಿಸುವ ದ್ರವ) ಹಾಕಿದರೆ ವಿಎಫ್, ಅಂದರೆ ಹೃದಯ ಬಡಿಯದೆ ಬರೀ ಅದುರುವ ಸ್ಥಿತಿ, ಆಗುವ ಅಪಾಯವಿದೆ. "ಸರ್, ಪ್ರೆಶರ್ ಡ್ಯಾಂಪ್!" ಅಂತ ಕೂಗಿ ಹೇಳಿ. ದೊಡ್ಡ ಡಾಕ್ಟರ್ ಮುಂದೆ ದನಿ ಏರಿಸೋದು ಹೇಗೆ ಅಂತ ನಮ್ಮ ಕಡೆ ಮಕ್ಕಳು ಹಿಂಜರಿಯುತ್ತಾರೆ. ಬೇಡ. ಒಳ್ಳೆ ಡಾಕ್ಟರ್ ಆ ಕೂಗಿಗೇ ಕಾಯುತ್ತಿರುತ್ತಾರೆ, ಕೇಳಿದ ಕೂಡಲೇ ಕ್ಯಾಥೆಟರ್ ಹಿಂದಕ್ಕೆ ಎಳೆಯುತ್ತಾರೆ. ವಿಎಫ್ ಆದರೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಅನ್ನು ದಿನದ ಮೊದಲ ಕೇಸಿಗೂ ಮುಂಚೆ ಚಾರ್ಜ್ ಮಾಡಿ ನೋಡಿರಬೇಕು. ಶಾಕ್ ಕೊಡುವ ಹೊತ್ತಲ್ಲಿ ಪ್ಯಾಡಲ್‌ಗೆ ಹಚ್ಚುವ ಜೆಲ್ ಹುಡುಕಬಾರದು.

ಹೃದಯದ ಬಲ ರಕ್ತನಾಳಕ್ಕೆ ಡೈ ಹೋದಾಗ ಕೆಲವರ ನಾಡಿ ನಿಧಾನವಾಗುತ್ತದೆ. ಜೋರಾಗಿ ಕೆಮ್ಮಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಗಾಬರಿಯಲ್ಲಿ ಮಲಗಿದವರಿಗೆ ಹೊಸ ಮಾತು ಕಿವಿಗೆ ಬೀಳುವುದಿಲ್ಲ, ಅಲ್ವಾ? ಅದಕ್ಕೆ ಮೊದಲೇ ಅವರ ಭಾಷೆಯಲ್ಲಿ ಹೇಳಿ, ಒಮ್ಮೆ ಕೆಮ್ಮಿಸಿಯೇ ನೋಡಿ. "ಮುತ್ಯಾ, ನಾ ಹೇಳಿದ ಕೂಡ್ಲೆ ಜೋರ್ ಕೆಮ್ರಿ." ಉರ್ದು ಮಾತಾಡುವವರಿಗೆ "ಖಾಂಸೋ ಚಾಚಾ", ಸೇಡಂ ಗಡಿಯ ತೆಲುಗಿನವರಿಗೆ "ದಗ್ಗಂಡಿ". ಈ ಮೂರು ಮಾತು ನಾನು ಎಲ್ಲ ಹೊಸಬರಿಗೂ ಬಾಯಿಪಾಠ ಮಾಡಿಸುತ್ತೇನೆ.

ಇನ್ನು ನಿಮ್ಮ ಮೈ. ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆ ಮೇಲೆ, ಲೆಡ್ ಏಪ್ರನ್ ಒಳಗಿರಲಿ. ಥೈರಾಯ್ಡ್ ಕಾಲರ್ ಬಿಡಬೇಡಿ. ಟೇಬಲ್ ಹತ್ತಿರ ಕೆಲಸವಿಲ್ಲದಾಗ ಹಿಂದೆ ಸರಿಯಿರಿ, ದೂರ ಎರಡರಷ್ಟಾದರೆ ವಿಕಿರಣ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಕೇಸ್ ಮುಗಿದ ಮೇಲೆ ಏಪ್ರನ್ ಮಡಚಿ ಕುರ್ಚಿ ಮೇಲೆ ಎಸೆಯದೆ ಹ್ಯಾಂಗರ್‌ಗೆ ಹಾಕಿ. ಮಡಚಿದ ಜಾಗದಲ್ಲಿ ಒಳಗಿನ ಸೀಸದ ಪದರ ಬಿರುಕು ಬಿಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ.