ಎಂಟು ಅಡಿಯ ಕೇಬಲ್ ಡಿಶ್‌ನಲ್ಲಿ ಚಂದ್ರನೌಕೆಯ ಸಂಕೇತ: ನನ್ನ ಅನುಭವ

ಚಂದ್ರನನ್ನು 2009ರಿಂದ ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ (ಲೂನಾರ್ ರೆಕನೈಸನ್ಸ್ ಆರ್ಬಿಟರ್) ನೌಕೆಯ 2271.2 ಮೆಗಾಹರ್ಟ್ಸ್ ರೇಡಿಯೋ ಸಂಕೇತವನ್ನು ನನ್ನ ಮನೆಯ ತಾರಸಿಯಿಂದಲೇ ಹಿಡಿಯುತ್ತೇನೆ ಎಂದಾಗ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಬಳಗದ ಹಿರಿಯರು ಒಪ್ಪಲಿಲ್ಲ. ಚಂದ್ರಯಾನ-1ಕ್ಕೆಂದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರ್ ಆಂಟೆನಾ ಕಟ್ಟಬೇಕಾಯಿತು, ಗುಜರಿ ಡಿಶ್ ಯಾವ ಲೆಕ್ಕ ಎಂಬುದು ಅವರ ವಾದವಾಗಿತ್ತು. ಆದರೆ ನನಗೆ ಬೇಕಿದ್ದದ್ದು ಚಿತ್ರಗಳಲ್ಲ, ಅವನ್ನು ಹೊತ್ತು ತರುವ ವಾಹಕ ತರಂಗ ಮಾತ್ರ. ಅದಕ್ಕೆ ಎಂಟು ಅಡಿ ಸಾಕು ಎಂಬ ನಂಬಿಕೆ ನನಗಿತ್ತು.

ಮೊದಲ ವರ್ಷ ವೈಫೈ ಗ್ರಿಡ್ ಆಂಟೆನಾದ ಮೇಲೆ ಸುಮಾರು ₹3,000 ಕಳೆದುಕೊಂಡೆ. ಆಮೇಲೆ ವ್ಯಾಪಾರ ಮುಚ್ಚಿದ ಕೇಬಲ್ ಆಪರೇಟರ್ ಒಬ್ಬರಿಂದ ಜಾಲರಿ ಡಿಶ್ ಅನ್ನು ₹1,800ಕ್ಕೆ ತಂದು, ಹಳೆಯ ಎಂಎಂಡಿಎಸ್ (ನಿಸ್ತಂತು ಕೇಬಲ್ ಟಿವಿ) ಡೌನ್‌ಕನ್ವರ್ಟರ್, ಅಂದರೆ ಆವೃತ್ತಿ ಇಳಿಸುವ ಸಾಧನ, ಜೋಡಿಸಿದೆ. ಬಂದ ಆವೃತ್ತಿಯಿಂದ ಅದು ಕಳೆಯುವ ಆಸಿಲೇಟರ್ ಆವೃತ್ತಿ 1998 ಮೆಗಾಹರ್ಟ್ಸ್ ಆದ್ದರಿಂದ ಸಂಕೇತವು 273ರ ಆಸುಪಾಸಿಗೆ ಇಳಿದು, ಕಂಪ್ಯೂಟರಿಗೆ ಚುಚ್ಚುವ ಸಾಮಾನ್ಯ ರೇಡಿಯೋ ಡಾಂಗಲ್‌ಗೇ ಸಿಗುತ್ತದೆ. ಚೈತ್ರದ ಗುಡುಗು ಮಳೆಯೊಂದರಲ್ಲಿ ₹4,500ರ ಎಲ್‌ಎನ್‌ಎ (ಕ್ಷೀಣ ಸಂಕೇತವನ್ನು ವರ್ಧಿಸುವ ಸಾಧನ) ಸುಟ್ಟುಹೋಯಿತು. ಎರಡನೆಯದನ್ನು ಕೊಂಡ ಮೇಲೂ ಮೂರು ತಿಂಗಳು ಏನೂ ಕೇಳಿಸಲಿಲ್ಲ. ಡಿಶ್‌ಗೆ ತಗುಲಿ ಹಿಂದಿರುಗುವಾಗ ವೃತ್ತ ಧ್ರುವೀಕರಣದ (ತರಂಗ ತಿರುಗುತ್ತ ಸಾಗುವ ರೀತಿಯ) ದಿಕ್ಕು ತಿರುವುಮುರುವಾಗುತ್ತದೆ ಎಂಬುದನ್ನು ಮರೆತು ಹೆಲಿಕ್ಸ್ (ಸುರುಳಿ ಆಂಟೆನಾ) ಅನ್ನು ತಪ್ಪು ಕಡೆಗೆ ಸುತ್ತಿದ್ದೆ. ತಾಮ್ರದ ತಂತಿಯನ್ನು ಬಿಚ್ಚಿ, ಪಿವಿಸಿ ಕೊಳವೆಯ ಮೇಲೆ ಎದುರು ದಿಕ್ಕಿಗೆ ಮತ್ತೆ ಸುತ್ತಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಫೀಡ್‌ನ (ಡಿಶ್‌ನ ಮುಂದಿರುವ ಆ ಸುರುಳಿಯ) ಸುತ್ತ ನಾನು ಕೂರಿಸಿರುವ ಅಲ್ಯೂಮಿನಿಯಂ ಬಳೆಯ ಅಳತೆಯನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ, ಡಿಶ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದನ್ನು ಸೂರ್ಯನತ್ತ ತಿರುಗಿಸಿ ರೇಡಿಯೋ ಗದ್ದಲ ಅಳೆದಾಗ, ಖಾಲಿ ಆಕಾಶಕ್ಕಿಂತ ಮೊದಲು 3 ಡಿಬಿ (ಡೆಸಿಬೆಲ್) ಮಾತ್ರ ಹೆಚ್ಚು ಬಂದಿತ್ತು. ಬಳೆ ಕೂರಿಸಿ ಫೀಡ್ ಅನ್ನು ಎರಡು ಬೆರಳಿನಷ್ಟು ಹಿಂದೆ ಸರಿಸಿದ ಮೇಲೆ ಅದು ಸುಮಾರು 7ಕ್ಕೆ ಏರಿತು. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಒಂದು ಮಳೆಗಾಲ ಉಳಿಯುತ್ತಿತ್ತು.

ಮಾಘ ಶುದ್ಧ ದಶಮಿಯ ರಾತ್ರಿ ಕಂಪ್ಯೂಟರ್ ಪರದೆಯ ವಾಟರ್‌ಫಾಲ್‌ನಲ್ಲಿ (ಸಮಯದೊಂದಿಗೆ ಆವೃತ್ತಿ ತೋರಿಸುವ ಚಿತ್ರದಲ್ಲಿ) ತೆಳುವಾದ ಗೆರೆಯೊಂದು ಕಂಡಿತು. ಹಿಂದೆ ಇಂಥದೇ ಗೆರೆ ನೋಡಿ ಹಿಗ್ಗಿದ್ದೆ. ಅದು ಡಿಶ್ ಅನ್ನು ನೆಲಕ್ಕೆ ತಿರುಗಿಸಿದರೂ ಅಳಿಯದ, ನನ್ನದೇ ಕಂಪ್ಯೂಟರಿನ ಗದ್ದಲವಾಗಿತ್ತು. ಈ ಬಾರಿ ಡಿಶ್ ಅನ್ನು ನಾಲ್ಕೈದು ಡಿಗ್ರಿ ಆಚೆ ಸರಿಸಿದೊಡನೆ ಗೆರೆ ಮಾಯವಾಯಿತು, ಚಂದ್ರನಿಗೆ ಮರಳಿಸಿದಾಗ ಮತ್ತೆ ಮೂಡಿತು. ಹತ್ತು ನಿಮಿಷಕ್ಕೊಮ್ಮೆ ಕೈಯಿಂದಲೇ ಡಿಶ್ ಸರಿಸುತ್ತ ಕುಳಿತೆ. ನೌಕೆ ನಮ್ಮತ್ತ ಬರುವಾಗ ಮೇಲಿದ್ದ ಆವೃತ್ತಿ, ದೂರ ಸರಿಯುತ್ತಿದ್ದಂತೆ ಬಾಗಿ ಇಳಿಯಿತು. ಆ ಇಳಿತ ಒಟ್ಟು 20 ಕಿಲೋಹರ್ಟ್ಸ್‌ಗಿಂತ ಹೆಚ್ಚಿತ್ತು. ಆಮೇಲೆ, ಕತ್ತರಿಯಿಂದ ಕತ್ತರಿಸಿದಂತೆ ಗೆರೆ ನಿಂತಿತು. ನೌಕೆ ಚಂದ್ರನ ಹಿಂದೆ ಹೋಗಿತ್ತು. ಮುಕ್ಕಾಲು ಗಂಟೆ ಚಳಿಯಲ್ಲಿ ಕಾದೆ. ಗೆರೆ ಮತ್ತೆ ಮೇಲಿನ ತುದಿಯಲ್ಲೇ ಕಾಣಿಸಿಕೊಂಡಾಗ ನನ್ನ ಕಣ್ಣು ತುಂಬಿ ಬಂತು.

ಒಟ್ಟು ಖರ್ಚು, ನಷ್ಟವೂ ಸೇರಿ, ₹25,000ದ ಆಸುಪಾಸು. ಹಿರಿಯರಿಗೆ ಎರಡು ಸುತ್ತುಗಳ ದಾಖಲೆಯನ್ನು ತೋರಿಸಿದೆ. ಸುತ್ತಿನ ಅವಧಿ ಎರಡು ಗಂಟೆಗೆ ತುಸು ಕಡಿಮೆ ಇರುವುದನ್ನು ಅವರೇ ಎಣಿಸಿ ನೋಡಿ, ಬಳೆಯ ಅಳತೆ ಕೇಳಿದರು.