ಕೆಟಲ್‌ಬೆಲ್ ಎತ್ತುವ ಮುನ್ನ ಸೊಂಟ ಮಡಿಸುವುದನ್ನು ಕಲಿಯಿರಿ

ದುಗ್ಗಮ್ಮನ ಜಾತ್ರೆ ಬಂತೆಂದರೆ ದಾವಣಗೆರೆಗೆ ಕುಸ್ತಿಯೂ ನೆನಪಾಗುತ್ತದೆ. ಗರಡಿಮನೆಯ ಕೆಮ್ಮಣ್ಣಿನಲ್ಲಿ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಗುಂಡುಕಲ್ಲು ಎತ್ತಿ ಮೈ ಹುರಿಗೊಳಿಸಿಕೊಂಡವರ ಊರಿಗೆ ಕೆಟಲ್‌ಬೆಲ್ ತೀರಾ ಅಪರಿಚಿತ ಎನಿಸಬೇಕಾಗಿಲ್ಲ. ಹಿಡಿಕೆಯುಳ್ಳ ಈ ಕಬ್ಬಿಣದ ಗುಂಡು ಮೊದಲು ರಷ್ಯಾದ ಸಂತೆಗಳಲ್ಲಿ ಧಾನ್ಯ ತೂಗುವ ಬಟ್ಟಾಗಿತ್ತು. ಅಲ್ಲಿನ ಹಳೆಯ ಅಳತೆಯಾದ ಒಂದು ಪೂಡ್ ಎಂದರೆ 16.38 ಕೆ.ಜಿ.; ಇಂದಿಗೂ 16, 24, 32 ಕೆ.ಜಿ.ಯ ಗುಂಡುಗಳು ಹೆಚ್ಚು ಬಳಕೆಯಲ್ಲಿರುವುದು ಒಂದು, ಒಂದೂವರೆ, ಎರಡು ಪೂಡ್‌ಗಳ ಆ ಲೆಕ್ಕದಿಂದಲೇ.

ವ್ಯಾಯಾಮದ ಅಭ್ಯಾಸವಿಲ್ಲದ ಮಹಿಳೆಯರು 8 ಕೆ.ಜಿ.ಯಿಂದ, ಪುರುಷರು 12 ಕೆ.ಜಿ.ಯಿಂದ ಆರಂಭಿಸುವುದು ಒಳ್ಳೆಯದು. ಬರಿಗಾಲಲ್ಲಿ ಅಥವಾ ಚಪ್ಪಟೆ ಅಟ್ಟೆಯ ಬೂಟಿನಲ್ಲಿ, ಎದುರಿಗೆ ಯಾರೂ ಇಲ್ಲದ ಜಾಗದಲ್ಲಿ ನಿಲ್ಲಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಏರುವ ಮುನ್ನ ಅಭ್ಯಾಸ ಮುಗಿಸುವುದು ಲೇಸು.

ಮೊದಲ ಪಾಠಕ್ಕೆ ಕಬ್ಬಿಣವೇ ಬೇಡ. ಗೋಡೆಗೆ ಬೆನ್ನು ಮಾಡಿ, ಅರ್ಧ ಅಡಿ ಮುಂದೆ, ಪಾದಗಳನ್ನು ಭುಜದಗಲಕ್ಕೆ ಇಟ್ಟು ನಿಂತುಕೊಳ್ಳಿ. ಮಂಡಿಯನ್ನು ಸ್ವಲ್ಪವೇ ಸಡಿಲಿಸಿ, ಬೆನ್ನು ಬಾಗದಂತೆ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ, ಮತ್ತೆ ನೆಟ್ಟಗಾಗಿ. ಸಲೀಸಾದಂತೆಲ್ಲ ಗೋಡೆಯಿಂದ ಒಂದೊಂದು ಅಂಗುಲ ದೂರ ಸರಿಯಿರಿ. ಬಸ್ಕಿಯಲ್ಲಿ ಮಂಡಿ ಮುಂದಕ್ಕೆ ಬಂದು ಪೃಷ್ಠ ಕೆಳಗಿಳಿಯುತ್ತದೆ; ಇಲ್ಲಿ ಮೊಣಕಾಲಿನ ಕೆಳಭಾಗ ಬಹುಮಟ್ಟಿಗೆ ನೆಟ್ಟಗೇ ಉಳಿದು ಪೃಷ್ಠ ಹಿಂದಕ್ಕೆ ಹೋಗುತ್ತದೆ. ಈ ವ್ಯತ್ಯಾಸ ಮೈಗೆ ತಿಳಿಯದ ಹೊರತು ಮುಂದುವರಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಿಮ್‌ಗೆ ಸೇರಿದ ಮೊದಲ ದಿನವೇ ಗುಂಡು ಬೀಸಲು ಹೋಗಿ ಸೊಂಟ ಹಿಡಿಸಿಕೊಂಡವರನ್ನು ಕಂಡಾಗ, ಒಂದು ವಾರ ಗೋಡೆಯ ಮುಂದೆ ನಿಂತಿದ್ದರೆ ಸಾಕಿತ್ತಲ್ಲ ಎಂದು ಮನಸ್ಸಿಗೆ ನೋವಾಗುತ್ತದೆ.

ಬಳಿಕ ಗುಂಡನ್ನು ಎರಡು ಪಾದಗಳ ನಡುವೆ ಇಟ್ಟು, ಅದೇ ರೀತಿ ಸೊಂಟ ಮಡಿಸಿ, ಎರಡೂ ಕೈಗಳಿಂದ ಹಿಡಿದು ಎದ್ದು ನಿಲ್ಲುವ ಅಭ್ಯಾಸ ಮಾಡಿ. ಹತ್ತು ಸಲ ಎತ್ತಿಳಿಸಿದರೂ ಬೆನ್ನು ನೇರವಾಗಿಯೇ ಉಳಿದರೆ ಸ್ವಿಂಗ್‌ಗೆ, ಅಂದರೆ ಗುಂಡು ಬೀಸುವುದಕ್ಕೆ, ಸಿದ್ಧರಾದಂತೆ.

ಸ್ವಿಂಗ್‌ಗೆ ಗುಂಡನ್ನು ಪಾದಗಳಿಂದ ಒಂದು ಅಡಿ ಮುಂದೆ ಇಡಿ. ಬಾಗಿ ಹಿಡಿಕೆ ಹಿಡಿದು, ಗುಂಡನ್ನು ತೊಡೆಗಳ ನಡುವಿನಿಂದ ಹಿಂದಕ್ಕೆ ಎಳೆದು, ಅದು ಹಿಂದೆ ಹೋಗಿ ನಿಂತ ಕ್ಷಣದಲ್ಲಿ ಸೊಂಟವನ್ನು ರಭಸದಿಂದ ಮುಂದಕ್ಕೆ ತಂದು ನೆಟ್ಟಗೆ ನಿಲ್ಲಿ. ಕೈಗಳು ಕೇವಲ ಹಗ್ಗವಿದ್ದಂತೆ. ಗುಂಡು ಎದೆಯ ಎತ್ತರಕ್ಕೆ ತಾನಾಗಿ ತೇಲಿ ಬರಬೇಕು. ಮೇಲೆ ಬಂದಾಗ ಪೃಷ್ಠ, ಹೊಟ್ಟೆ ಎರಡನ್ನೂ ಬಿಗಿಹಿಡಿದು ಉಸಿರನ್ನು ಚುರುಕಾಗಿ ಬಿಡಿ; ಇಳಿಯುವಾಗ ಒಳಗೆಳೆದುಕೊಳ್ಳಿ. ಬಲ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಹಿಡಿಕೆಯೊಳಗೆ ಟವೆಲ್ ತೂರಿಸಿ, ಅದರ ಎರಡೂ ತುದಿಗಳನ್ನು ಭದ್ರವಾಗಿ ಹಿಡಿದು ಬೀಸಿ ನೋಡಿ. ಟವೆಲ್ ಮತ್ತು ಗುಂಡು ಕೈಯ ನೇರಕ್ಕೇ ಇದ್ದರೆ ಸೊಂಟ ದುಡಿಯುತ್ತಿದೆ. ಗುಂಡು ಕೆಳಕ್ಕೆ ಜೋತುಬಿದ್ದರೆ ನೀವು ಭುಜದಿಂದ ಎತ್ತುತ್ತಿದ್ದೀರಿ. ಹತ್ತರಂತೆ ಐದು ಸುತ್ತು, ನಡುವೆ ಒಂದು ನಿಮಿಷ ವಿರಾಮ ಸಾಕು.

ಉಳಿದವು ಸುಲಭ. ಗುಂಡನ್ನು ಎದೆಗವಚಿಕೊಂಡು, ಮೊಣಕೈಗಳು ಮಂಡಿಗಳ ಒಳಗೆ ಬರುವಂತೆ ನಿಧಾನವಾಗಿ ಬಸ್ಕಿ ಇಳಿದು ಎರಡು ಉಸಿರು ತಂಗಿದರೆ ಸೊಂಟ ಮತ್ತು ಕಾಲಿನ ಹರಡಿನ ಕೀಲುಗಳ ಬಿಗಿತ ಸಡಿಲಗೊಳ್ಳುತ್ತದೆ. ತಲೆಯ ಸುತ್ತ ಗುಂಡನ್ನು ಮೆಲ್ಲಗೆ ಸುತ್ತಿಸುವುದು ಭುಜಕ್ಕೆ ಹಿತ. ಒಂದೇ ಕೈಯಲ್ಲಿ, ನೀರಿನ ಬಕೆಟ್ ಹಿಡಿದಂತೆ, ವಾಲದೆ ಮೂವತ್ತು ಹೆಜ್ಜೆ ನಡೆದು ಕೈ ಬದಲಿಸಿದರೆ ಹಿಡಿತವೂ ಪಕ್ಕೆಯೂ ಗಟ್ಟಿಯಾಗುತ್ತವೆ.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಅಭ್ಯಾಸ ಮಾಡಿ. ಹೃದ್ರೋಗ, ಹರ್ನಿಯಾ ಅಥವಾ ಡಿಸ್ಕ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ತೊಡಗಬಾರದು. ಮರುದಿನ ತೊಡೆಯ ಹಿಂಭಾಗ ನೋಯುವುದು ಸಹಜ. ಕೆಳಬೆನ್ನು ನೋಯುತ್ತಿದ್ದರೆ ಗುಂಡನ್ನು ಬದಿಗಿಟ್ಟು ಮತ್ತೆ ಗೋಡೆಯ ಪಾಠಕ್ಕೆ ಮರಳಿ. ಐದೂ ಸುತ್ತುಗಳ ಕೊನೆಯ ಸ್ವಿಂಗ್ ಮೊದಲಿನಷ್ಟೇ ಚುರುಕಾಗಿರುವುದು ಎರಡು ವಾರ ಮುಂದುವರಿದ ಮೇಲೆ 4 ಕೆ.ಜಿ. ಹೆಚ್ಚಿನ ಗುಂಡನ್ನು ಕೈಗೆತ್ತಿಕೊಳ್ಳಬಹುದು.