ಹಾಸನ ಸರಿ ಬಂತು, ಬೇಲೂರು ಕೆಟ್ಟಿತು: ಪೈಥಾನ್‌ನಲ್ಲಿ ಕನ್ನಡ ಎನ್‌ಕೋಡಿಂಗ್ ಬದಲಿಸಿದ ಅನುಭವ

ಹಾಸನ ಜಿಲ್ಲೆಯ ಕಾಫಿ, ಮೆಣಸು ಬೆಳೆಗಾರರ ಹೆಸರು ಮತ್ತು ಊರುಗಳ ಪಟ್ಟಿಯನ್ನು ಸರಿಪಡಿಸುವ ಕೆಲಸದಲ್ಲಿ ಎರಡು ಜಾತಿಯ ಕಡತಗಳಿದ್ದವು. ಒಂದು, ಯೂನಿಕೋಡ್‌ನಲ್ಲೇ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಹುಟ್ಟಿ ದಾರಿಯಲ್ಲಿ ಕೆಟ್ಟವು. ಇನ್ನೊಂದು, ಹುಟ್ಟಿನಿಂದಲೇ ಯೂನಿಕೋಡ್ ಅಲ್ಲದ, ನುಡಿ ಫಾಂಟಿನ ಹಳೆಯ ಕಡತಗಳು. ತೆರೆದು ನೋಡಿದರೆ ಎರಡರಲ್ಲೂ ಕೊಂಬು, ಬಾಲ ಇರುವ ಇಂಗ್ಲಿಷ್ ಅಕ್ಷರಗಳದ್ದೇ ಸಂತೆ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಮೊದಲು ಬೈಟ್ ನೋಡಬೇಕು. ಕಡತವನ್ನು ಬೈನರಿಯಾಗಿ ತೆರೆದು, ಮೊದಲ ಅರವತ್ತು ಬೈಟ್‌ಗಳನ್ನು ಸಂಖ್ಯೆಯಾಗಿ ಪ್ರಿಂಟ್ ಮಾಡಿದರೆ ಸಾಕು.

ಸರಿಯಾದ ಯುಟಿಎಫ್-8ನಲ್ಲಿ (ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಕ ಎಂದರೆ 224, 178, 149. ‘ಹಾಸನ’ಕ್ಕೆ ಹನ್ನೆರಡು ಬೈಟ್. ಇದರ ಬದಲು 195, 160, 194, 178 ಎಂದು ಮತ್ತೆ ಮತ್ತೆ ಬಂದರೆ ಯುಟಿಎಫ್-8 ಪಠ್ಯ ಎರಡು ಸಲ ಎನ್‌ಕೋಡ್ ಆಗಿದೆ. 186, 193, 184, 192, 163, 192 ಎಂದು ಬರೀ ಆರು ಬೈಟ್‌ನಲ್ಲಿ ‘ಹಾಸನ’ ಮುಗಿದಿದ್ದರೆ, ಎಲ್ಲೆಲ್ಲೂ 192 ಕಾಣುತ್ತಿದ್ದರೆ, ಅದು ನುಡಿ.

ಮೊದಲ ಜಾತಿ ಹುಟ್ಟುವುದು ಎಕ್ಸೆಲ್‌ನಲ್ಲಿ. ಬಿಒಎಂ (ಇದು ಯುಟಿಎಫ್-8 ಎಂದು ಕಡತದ ಮೊದಲಿಗೇ ಸಾರುವ ಗುರುತು) ಇಲ್ಲದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿದರೆ ಅದು ಬೈಟ್‌ಗಳನ್ನು ವಿಂಡೋಸ್‌ನ ಹಳೆಯ ಇಂಗ್ಲಿಷ್ ಎನ್‌ಕೋಡಿಂಗ್ ಸಿಪಿ1252 ಎಂದು ಸಾಮಾನ್ಯವಾಗಿ ಓದುತ್ತದೆ. ಯಾರೋ ಹಾಗೇ ಯುಟಿಎಫ್-8 ಆಗಿ ಸೇವ್ ಮಾಡಿದರೆ ಕೆಲಸ ಕೆಟ್ಟಿತು. ತಿರುಗಿಸುವುದು ಹೇಳಲು ಸುಲಭ: ಸ್ಟ್ರಿಂಗನ್ನು ಸಿಪಿ1252ಕ್ಕೆ ಎನ್‌ಕೋಡ್ ಮಾಡಿ, ಬಂದ ಬೈಟ್‌ಗಳನ್ನು ಯುಟಿಎಫ್-8 ಎಂದು ಡಿಕೋಡ್ ಮಾಡುವುದು. ‘ಹಾಸನ’ದ ಮೇಲೆ ಪರೀಕ್ಷಿಸಿದರೆ ಸರಿಯಾಗಿ ಬರುತ್ತದೆ. ‘ಬೇಲೂರು’ ಕೊಟ್ಟೊಡನೆ ಎನ್‌ಕೋಡ್ ಎರರ್.

ಕಾರಣ ಇದು. ಸಿಪಿ1252ರಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕನ್ನಡದಲ್ಲಿ ಉಕಾರದ ಕೊಂಬಿನ ಕೊನೆಯ ಬೈಟ್ 129, ವಿರಾಮ ಚಿಹ್ನೆ ಅಂದರೆ ಹಲಂತದ್ದು 141, ಏ 143, ಐ 144, ಝ 157. ಪೆಟ್ಟು ದೊಡ್ಡದೇ. ಹಲಂತವಿಲ್ಲದೆ ಒಂದು ಒತ್ತಕ್ಷರವೂ ಇಲ್ಲವಲ್ಲ! ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಹಾಸನ, ಅರಸೀಕೆರೆ ಎರಡೇ ಪಾಸಾಗುವುದು. ಬೇಲೂರು, ಆಲೂರು, ಸಕಲೇಶಪುರ, ಅರಕಲಗೂಡು, ಹೊಳೆನರಸೀಪುರ ಉಕಾರದಿಂದ ಬೀಳುತ್ತವೆ, ಚನ್ನರಾಯಪಟ್ಟಣ ಹಲಂತದಿಂದ.

ಎರರ್ ಬಂತೆಂದು ಎನ್‌ಕೋಡ್, ಡಿಕೋಡ್ ಎರಡಕ್ಕೂ ‘ಇಗ್ನೋರ್’ (ಆಗದ್ದನ್ನು ಬಿಟ್ಟು ಮುಂದೆ ಹೋಗು) ಹಾಕುವುದು ದೊಡ್ಡ ತಪ್ಪು. ಪ್ರೋಗ್ರಾಂ ತೆಪ್ಪಗೆ ಓಡುತ್ತದೆ, ಬೇಲೂರು ‘ಬೇಲೂರ’ ಆಗುತ್ತದೆ, ಚನ್ನರಾಯಪಟ್ಟಣ ‘ಚನನರಾಯಪಟಟಣ’ ಆಗುತ್ತದೆ. ಸಾವಿರ ಸಾಲಿನ ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳುವಷ್ಟರಲ್ಲಿ ಮೂಲ ಕಡತ ಅಳಿಸಿಹೋಗಿರುತ್ತದೆ.

ವಿಂಡೋಸ್ ಓದುವಾಗ ಈ ಐದು ಬೈಟ್‌ಗಳನ್ನು ಅದೇ ಸಂಖ್ಯೆಯ ಕಂಟ್ರೋಲ್ ಅಕ್ಷರಗಳಾಗಿ ಉಳಿಸಿಕೊಂಡಿರುತ್ತದೆ. ಪೈಥಾನ್‌ನ ಸಿಪಿ1252 ಮಾತ್ರ ಒಪ್ಪುವುದಿಲ್ಲ. ಆದ್ದರಿಂದ ಕೋಡೆಕ್ಸ್ ಮಾಡ್ಯೂಲಿನ ರಿಜಿಸ್ಟರ್ ಎರರ್ ಬಳಸಿ ನಮ್ಮದೇ ಹ್ಯಾಂಡ್ಲರ್ ಸೇರಿಸಬೇಕು: ತಡೆದ ತುಂಡನ್ನು ಲ್ಯಾಟಿನ್-1ಕ್ಕೆ (0ರಿಂದ 255ರ ಪ್ರತಿ ಬೈಟ್‌ಗೂ ಅದೇ ಸಂಖ್ಯೆಯ ಅಕ್ಷರ ಇರುವ ಎನ್‌ಕೋಡಿಂಗ್) ಎನ್‌ಕೋಡ್ ಮಾಡಿ, ಆ ಬೈಟ್‌ಗಳನ್ನೂ ತುಂಡು ಮುಗಿದ ಸ್ಥಾನವನ್ನೂ ಹಿಂದಿರುಗಿಸುವ ಎರಡು ಸಾಲಿನ ಫಂಕ್ಷನ್. ಮೈಎಸ್‌ಕ್ಯೂಎಲ್‌ನ ‘ಲ್ಯಾಟಿನ್1’ ಕೂಡ ನಿಜದಲ್ಲಿ ಸಿಪಿ1252ವೇ, ಈ ಐದನ್ನು ಅದೂ ಹಾಗೇ ಉಳಿಸಿಕೊಳ್ಳುತ್ತದೆ. ಅಲ್ಲಿಂದ ಬಂದ ಡಂಪ್‌ಗೂ ಇದೇ ಹ್ಯಾಂಡ್ಲರ್ ಸಾಕು.

ಹಾಗಾದರೆ ಎಲ್ಲಕ್ಕೂ ಲ್ಯಾಟಿನ್-1 ಏಕೆ ಬೇಡ? ಸಿಪಿ1252ರಲ್ಲಿ 128ರಿಂದ 159ರ ನಡುವೆ ಯೂರೋ ಚಿಹ್ನೆ, ಕಠಾರಿ ಗುರುತು ಮುಂತಾದವು ಇವೆ; ಎಕ್ಸೆಲ್ ಮೂಲಕ ಬಂದ ಪಠ್ಯದಲ್ಲಿ ಈಕಾರದ ಕೊನೆಯ ಬೈಟ್ ಯೂರೋ ಆಗಿ ಕೂತಿರುತ್ತದೆ. ಲ್ಯಾಟಿನ್-1ರಲ್ಲಿ ಯೂರೋ ಇಲ್ಲ. ಇನ್ನೊಂದು ಕಿರಿಕಿರಿ, ಕಡತವನ್ನೇ ಲ್ಯಾಟಿನ್-1 ಎಂದು ಓದಿ ಸ್ಪ್ಲಿಟ್‌ಲೈನ್ಸ್ ಮಾಡಿದರೆ ‘ಅ’ದ 133ನೇ ಬೈಟ್ ಹೊಸ ಸಾಲೆಂದು ಎಣಿಕೆಯಾಗಿ, ಅರಸೀಕೆರೆ ಎರಡು ಸಾಲಿಗೆ ಒಡೆಯುತ್ತದೆ.

ಕಡತವನ್ನು ಇಡಿಯಾಗಿ ತಿರುಗಿಸಬೇಡಿ, ಒಂದೊಂದು ಕೋಶವನ್ನೂ ಬೇರೆಯಾಗಿ ತಿರುಗಿಸಿ. ಕೆಟ್ಟ ಮೇಲೆ ಯಾರಾದರೂ ಕೆಳಗೆ ಸರಿಯಾದ ಕನ್ನಡದಲ್ಲೇ ಹತ್ತು ಸಾಲು ಸೇರಿಸಿರುತ್ತಾರೆ. ಕೋಶದಲ್ಲಿ 3200ರಿಂದ 3327ರೊಳಗಿನ ಒಂದು ಕೋಡ್ ಪಾಯಿಂಟ್ (ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರ ಸಂಖ್ಯೆ) ಇದ್ದರೂ ಅದನ್ನು ಮುಟ್ಟದೆ ಮುಂದೆ ಹೋಗುವುದು ನನ್ನ ಕ್ರಮ.

ತುದಿಯ ಖಾಲಿ ಜಾಗ ಕತ್ತರಿಸುವ ‘ಸ್ಟ್ರಿಪ್’ ಅನ್ನು, ಪಠ್ಯವನ್ನು ತಿರುಗಿಸಿದ ಮೇಲೆಯೇ ಮಾಡಬೇಕು. ಠದ ಕೊನೆಯ ಬೈಟ್ 160. ಕೆಟ್ಟ ರೂಪದಲ್ಲಿ ಅದು ಮುರಿಯದ ಖಾಲಿ ಜಾಗ. ಸ್ಟ್ರಿಪ್ ಅದನ್ನು ಕತ್ತರಿಸಿ ‘ಮಠ’ದಲ್ಲಿ ‘ಮ’ ಮಾತ್ರ ಉಳಿಸುತ್ತದೆ. ಭ ಮತ್ತು ೭ರ ಕೊನೆಯ ಬೈಟ್ 173, ಅದು ಕಣ್ಣಿಗೆ ಕಾಣದ ಸಾಫ್ಟ್ ಹೈಫನ್. ಕಾಪಿ-ಪೇಸ್ಟ್‌ನಲ್ಲಿ ಅದು ಬಿದ್ದುಹೋದರೆ ಭತ್ತದ ಭ, ೭ ಎರಡೂ ಒಟ್ಟಿಗೆ ಮಾಯ.

ಕಳೆದುಹೋದದ್ದನ್ನು ಎಷ್ಟು ಮರಳಿ ಪಡೆಯಬಹುದು? 224, 178 ಆದಮೇಲೆ 32, ಅಂದರೆ ಸಾಮಾನ್ಯ ಖಾಲಿ ಜಾಗ, ಬಂದಿದ್ದರೆ ಅದು ಠವೇ ಎಂದು 160 ಹಾಕಬಹುದು. ಯುಟಿಎಫ್-8ರಲ್ಲಿ ಆ ಜಾಗದಲ್ಲಿ 32 ಬರುವಂತೆಯೇ ಇಲ್ಲ. ಆದರೆ 224, 179 ಆದಮೇಲೆ 63, ಅಂದರೆ ಪ್ರಶ್ನಾರ್ಥಕ ಚಿಹ್ನೆ, ಇದ್ದರೆ ಅದು ಉಕಾರವೋ ಹಲಂತವೋ ಯಂತ್ರ ಹೇಳಲಾರದು. ಊರಿನ ಹೆಸರುಗಳ ಪಟ್ಟಿ ಇಟ್ಟುಕೊಂಡು ಎರಡೂ ರೂಪ ಹೊಂದಿಸಿ ನೋಡಬೇಕು, ಉಳಿದದ್ದನ್ನು ಕೈಯಲ್ಲೇ ತಿದ್ದಬೇಕು.

ಇನ್ನು ನುಡಿ. ಇಲ್ಲಿ ಯಾವ ಕೋಡೆಕ್ಕೂ ಕೆಲಸಕ್ಕೆ ಬಾರದು, ಏಕೆಂದರೆ ಬೈಟ್‌ಗಳು ಅಕ್ಷರಗಳಲ್ಲ, ಅಕ್ಷರದ ಚೂರುಗಳು. 192 ಬರೀ ತಲೆಕಟ್ಟು. 80, 192 ಸೇರಿದರೆ ಕ, ಆದರೆ ಕಿ ಒಂದೇ ಬೈಟ್, 81. ಆದ್ದರಿಂದ ಕೋಷ್ಟಕ ಬೇಕು, ಅದರಲ್ಲಿ ಉದ್ದದ ತುಂಡನ್ನೇ ಮೊದಲು ಹುಡುಕಬೇಕು. 170, 192 ಎಂದರೆ ವ. ಅದಕ್ಕೆ ಉಕಾರದ 196 ಸೇರಿದರೆ ಮ. ಗಿಡ್ಡದ್ದನ್ನು ಮೊದಲು ಹಿಡಿದರೆ ಮಕಾರವೆಲ್ಲ ‘ವು’ ಆಗುತ್ತದೆ. ಯ ನಾಲ್ಕು ಬೈಟ್: 65, 105, 192, 196. ಒಂಟಿ 65 ಅನುಸ್ವಾರ.

ಆಮೇಲೆ ಸ್ಥಾನಪಲ್ಲಟ. ನುಡಿಯಲ್ಲಿ ‘ಕ್ಕೆ’ 80, 201, 204: ಎತ್ವ ಮೊದಲು, ಒತ್ತು ಆಮೇಲೆ. ಯೂನಿಕೋಡ್‌ಗೆ ಒತ್ತು ಮೊದಲು ಬೇಕು. ಅರ್ಕಾವೊತ್ತು 240, ಅದು ಅಕ್ಷರ ಆದಮೇಲೆ ಬರುತ್ತದೆ. ‘ಕರ್ನಾಟಕ’ ಪದದಲ್ಲಿ ‘ನಾ’ ಆದಮೇಲೆ ಬರುವ ಅದನ್ನು ‘ರ್’ ಮಾಡಿ ‘ನಾ’ಕ್ಕಿಂತ ಮೊದಲಿಗೆ ತರಬೇಕು. ಮಧ್ಯೆ ಒತ್ತಿದ್ದರೆ ಇಡೀ ಗುಚ್ಛಕ್ಕಿಂತ ಮೊದಲಿಗೆ. ದೀರ್ಘ 195ಕ್ಕೆ ಬೇರೆ ಬೇರೆ ನಿಯಮ ಬರೆಯಬೇಕಿಲ್ಲ. ಅದನ್ನು ಯೂನಿಕೋಡ್‌ನ ಒಂಟಿ ದೀರ್ಘ ಚಿಹ್ನೆ 3285 ಎಂದಿಟ್ಟು, ಕೊನೆಯಲ್ಲಿ ಎನ್‌ಎಫ್‌ಸಿ ನಾರ್ಮಲೈಸ್ (ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಕ್ರಿಯೆ) ಮಾಡಿದರೆ ಈ, ಏ, ಓ ಕಾರಗಳು ತಾವಾಗಿ ಕೂಡಿಕೊಳ್ಳುತ್ತವೆ.

ವರ್ಡ್ ಕಡತದಲ್ಲಿ ಒಂದೊಂದು ರನ್ನಿನ (ಒಂದೇ ರೂಪದ ಅಕ್ಷರಗಳ ತುಂಡು) ಫಾಂಟ್ ನೋಡಿಯೇ ತಿರುಗಿಸಬೇಕು, ಇಲ್ಲದಿದ್ದರೆ ನಡುವಿನ ಇಂಗ್ಲಿಷ್ ಪದವೂ ಕನ್ನಡದ ಚೂರುಗಳಾಗುತ್ತದೆ. ರನ್ನಿನಲ್ಲಿ ಫಾಂಟ್ ಖಾಲಿ ಇದ್ದರೆ ಪ್ಯಾರಾದ ಸ್ಟೈಲ್ ನೋಡಿ. ಒಂದೇ ಅಕ್ಷರ ಎರಡು ರನ್ನಿಗೆ ಹರಿದಿರುವುದೂ ಉಂಟು, ಹಾಗಾಗಿ ಒಂದೇ ಫಾಂಟಿನ ಅಕ್ಕಪಕ್ಕದ ರನ್ನುಗಳನ್ನು ಮೊದಲು ಕೂಡಿಸಿಕೊಳ್ಳಿ.

ಬರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಇರಲಿ. ಅದು ಮೊದಲಿಗೆ 239, 187, 191 ಎಂಬ ಬಿಒಎಂ ಹಾಕುವುದರಿಂದ ಎಕ್ಸೆಲ್ ಮತ್ತೆ ಕೆಡಿಸುವುದಿಲ್ಲ. ಓದುವಾಗಲೂ ಅದೇ ಇರಲಿ, ಇಲ್ಲವಾದರೆ ಮೊದಲ ಕಂಬಸಾಲಿನ ಹೆಸರಿಗೆ ಕಾಣದ ಅಕ್ಷರ ಅಂಟಿ ‘ಕೀ ಎರರ್’ ಬರುತ್ತದೆ. ಮುಗಿದ ಮೇಲೆ ಎರಡು ತಪಾಸಣೆ: ಓದಲಾಗದ ಬೈಟ್‌ಗಳ ಬದಲಿಗೆ ಬರುವ 65533 ಎಲ್ಲೂ ಇರಬಾರದು, ಯಾವ ಪದವೂ ಗುಣಿತ ಚಿಹ್ನೆಯಿಂದಾಗಲಿ ಹಲಂತದಿಂದಾಗಲಿ ಶುರುವಾಗಬಾರದು. ಪರೀಕ್ಷೆಗೆ ನಾನಿಡುವುದು ಎಂಟು ತಾಲ್ಲೂಕಿನ ಹೆಸರು, ಜೊತೆಗೆ ಏಲಕ್ಕಿ, ಐದು, ಝರಿ, ಮಠ, ಭತ್ತ, ೭.